ಮೂರು ಕಲ್ಲು ಮತ್ತು ಒಂದು ತಪ್ಪು ವರದಿ

ತೊಂಬತ್ತರ ದಶಕದ ನಡುವಿನಲ್ಲಿ ನಾನು ತುಮಕೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಅಲ್ಟ್ರಾಸೌಂಡ್ ವೈದ್ಯೆಯಾಗಿದ್ದೆ. ಹೊಟ್ಟೆನೋವೆಂದು ಬಂದವರ ಪಿತ್ತಕೋಶ ನೋಡುವುದು ದಿನನಿತ್ಯದ ಕೆಲಸ. ಕಲ್ಲಿದ್ದರೆ ಇದೆ ಎಂದು ಬರೆಯುತ್ತಿದ್ದೆ, ಇಲ್ಲದಿದ್ದರೆ ಇಲ್ಲವೆಂದು. ಇದೆ ಎಂದು ಬರೆಸಿಕೊಂಡವರು ನೇರವಾಗಿ ಸರ್ಜನ್ ಬಳಿಗೆ ಹೋಗುತ್ತಿದ್ದರು. ಅವರ ಮುಂದಿನ ಕಥೆ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಹಾಗಾಗಿ ಆ ಬೇಸಿಗೆಯ ಒಂದು ದಿನ ಊರಿನ ಹಿರಿಯ ಫಿಜಿಷಿಯನ್ ಒಬ್ಬರು ಕಳಿಸಿದ ಚೀಟಿಯನ್ನು ಎರಡು ಸಲ ಓದಬೇಕಾಯಿತು. ‘ಕಲ್ಲಿರುವುದು ಗೊತ್ತಿದೆ. ಮಾತ್ರೆಯಿಂದ ಕರಗಿಸಲು ಆಗುತ್ತದೆಯೇ ನೋಡಿ ತಿಳಿಸಿ’ ಎಂದಷ್ಟೇ ಅದರಲ್ಲಿತ್ತು.

ಅವರಿಗೆ ಫೋನ್ ಮಾಡಿದೆ.

“ನಲವತ್ಮೂರು ವರ್ಷದ ಹೆಂಗಸು,” ಎಂದರು. “ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಹೃದಯದ ಒಂದು ಕವಾಟ ಕಿರಿದಾಗಿದೆ. ಈಗ ಒಂದು ವರ್ಷದಿಂದ ಪಿತ್ತಕೋಶದ ನೋವು. ಅರಿವಳಿಕೆ ಕೊಡೋರು ಹೆದರ್ತಿದಾರೆ. ಕಲ್ಲು ಕರಗಿಸೋ ಮಾತ್ರೆ ಈಗ ಸಿಗ್ತಾ ಇದೆ. ಆದ್ರೆ ಎಲ್ಲಾ ಕಲ್ಲೂ ಕರಗಲ್ಲ. ಯಾವುದು ಕರಗುತ್ತೆ ಅನ್ನೋದು ನಿಮ್ಮ ಮೆಷಿನ್‌ಗೇ ಗೊತ್ತಾಗ್ಬೇಕು.”

ಓದುವಾಗ ಕಲಿತಿದ್ದ ವಿಷಯವೇ, ಆದರೆ ಕೈಯಾರೆ ಮಾಡಿರಲಿಲ್ಲ. ಅಂದು ಸಂಜೆ ಹಳೆಯ ನೋಟ್ಸ್ ತೆಗೆದು ಕೂತೆ. ಕಲ್ಲುಗಳು ಚಿಕ್ಕವಾಗಿರಬೇಕು, ಒಂದು ಸೆಂಟಿಮೀಟರಿನೊಳಗೆ ಇದ್ದರೆ ಒಳ್ಳೆಯದು. ಕೊಬ್ಬಿನಿಂದಾದ ಕಲ್ಲಾಗಿರಬೇಕು, ಸುಣ್ಣದ ಅಂಶ ಸೇರಿ ಗಟ್ಟಿಯಾಗಿರಬಾರದು. ಕೋಶದ ಗೋಡೆ ತೆಳುವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಪಿತ್ತಕೋಶ ಜೀವಂತವಾಗಿರಬೇಕು. ನಾವು ಜಿಡ್ಡಿನ ಆಹಾರ ತಿಂದಾಗ ಅದು ಮುಷ್ಟಿಯಂತೆ ಕುಗ್ಗಿ ಪಿತ್ತರಸವನ್ನು ಕರುಳಿಗೆ ಹಿಂಡುತ್ತದೆ, ಆಮೇಲೆ ಹೊಸ ರಸ ತುಂಬಿಕೊಳ್ಳುತ್ತದೆ. ಮಾತ್ರೆಯ ಔಷಧ ಆ ಹೊಸ ರಸದ ಜೊತೆಗೇ ಒಳಗೆ ಹೋಗಿ ಕಲ್ಲನ್ನು ಮುಟ್ಟಬೇಕು. ಕೋಶ ಕುಗ್ಗದಿದ್ದರೆ ಔಷಧ ಬಾಗಿಲ ಹೊರಗೇ ಉಳಿಯುತ್ತದೆ.

ಮರುದಿನ ಆಕೆ ಬಂದರು, ಜೊತೆಯಲ್ಲಿ ಅಕ್ಕ. ಆಕೆ ಗುಬ್ಬಿ ತಾಲ್ಲೂಕಿನವರು. ಕಡಬದಿಂದ ಮುಂದೆ ಒಂದು ಹಳ್ಳಿಯಲ್ಲಿ, ತಮ್ಮ ಮನೆಯ ಮುಂಭಾಗದ ಕೋಣೆಯಲ್ಲೇ ಅಂಚೆ ಕಚೇರಿ ನಡೆಸುತ್ತಿದ್ದರು. ಊರಿನವರು ‘ಪೋಸ್ಟ್ ಮೇಡಂ’ ಎನ್ನುತ್ತಿದ್ದರಂತೆ. ಅಕ್ಕ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಗೆ ಮದುವೆಯಾಗಿ ಹೋದವರು, ತಂಗಿಗೆ ಹುಷಾರಿಲ್ಲವೆಂದು ಬಂದು ಉಳಿದಿದ್ದರು. ತಂಗಿ ತೆಳ್ಳಗೆ, ಮೆಲುದನಿ. ಅಕ್ಕ ದಪ್ಪ, ದನಿಯೂ ದೊಡ್ಡದು.

ಹಳೆಯ ಕಾಗದಗಳನ್ನೆಲ್ಲ ಪೋಸ್ಟ್ ಮೇಡಂ ತಾರೀಖಿನ ಪ್ರಕಾರ ಜೋಡಿಸಿ, ಮೂಲೆಗೆ ದಾರ ಪೋಣಿಸಿ ತಂದಿದ್ದರು. ಓದಿ ನೋಡಿದರೆ ವಿಷಯ ಹೀಗಿತ್ತು: ಬೆಂಗಳೂರಿನ ಹೃದಯದ ವೈದ್ಯರು ಬಲೂನಿನಿಂದ ಕವಾಟ ಅಗಲ ಮಾಡಲು ಸಿದ್ಧರಿದ್ದರು, ಆದರೆ ಪಿತ್ತಕೋಶದಲ್ಲಿ ಸೋಂಕೆದ್ದರೆ ಹೃದಯಕ್ಕೆ ಅಪಾಯ, ಮೊದಲು ಅದನ್ನು ಮುಗಿಸಿಕೊಂಡು ಬನ್ನಿ ಎಂದಿದ್ದರು. ಸರ್ಜನ್, ಮೊದಲು ಹೃದಯ ಸರಿಮಾಡಿಸಿಕೊಂಡು ಬನ್ನಿ ಎಂದು ಬರೆದಿದ್ದರು.

“ವಿಳಾಸ ಸರಿಯಿಲ್ಲ ಅಂತ ಕೆಲವು ಕಾಗದ ಅತ್ಲಾಗೂ ಇತ್ಲಾಗೂ ಓಡಾಡ್ತಾ ಇರ್ತವೆ ಮೇಡಂ,” ಎಂದರು ಪೋಸ್ಟ್ ಮೇಡಂ. “ನಾನೂ ಹಂಗೇ ಆಗಿದೀನಿ.”

ಮಂಚದ ಮೇಲೆ ಪೂರ್ತಿ ಚಪ್ಪಟೆ ಮಲಗಿದರೆ ಆಕೆಗೆ ಉಸಿರು ಸಾಲುತ್ತಿರಲಿಲ್ಲ. ಎರಡು ದಿಂಬು ಕೊಟ್ಟೆ. ಬಲಗಡೆ ಪಕ್ಕೆಲುಬಿನ ಕೆಳಗೆ ಜೆಲ್ ಹಚ್ಚಿ ಮೆಷಿನ್ನಿನ ಪ್ರೋಬ್ ಇಟ್ಟೆ. ರಾತ್ರಿಯಿಂದ ಉಪವಾಸವಿದ್ದುದರಿಂದ ಪಿತ್ತಕೋಶ ತುಂಬಿಕೊಂಡು ಚೆನ್ನಾಗಿ ಕಾಣಿಸಿತು: ಪರದೆಯ ಮೇಲೆ ಹೀರೇಕಾಯಿ ತುಂಡಿನ ಹಾಗೆ ಉದ್ದನೆಯ ಕಪ್ಪು ಆಕಾರ, ಅದರ ತಳದಲ್ಲಿ ಬೆಳ್ಳಗೆ ಹೊಳೆಯುವ ಎರಡು ಕಲ್ಲು. ಪ್ರತಿ ಕಲ್ಲಿನ ಹಿಂದೆಯೂ ಗೆರೆ ಎಳೆದಂಥ ನೆರಳು. ಶಬ್ದತರಂಗ ಕಲ್ಲನ್ನು ದಾಟಲಾರದು, ಆ ನೆರಳೇ ಕಲ್ಲಿನ ಗುರುತು. ಎಡಮಗ್ಗುಲಿಗೆ ತಿರುಗಿಸಿದೆ. ಎರಡೂ ಉರುಳಿ ಜಾಗ ಬದಲಿಸಿದವು. ಅಂಟಿಕೊಂಡಿಲ್ಲ ಎಂದಾಯಿತು.

ಮೂರನೆಯದು ಕೋಶದ ಕುತ್ತಿಗೆಯ ಹತ್ತಿರ ಇತ್ತು. ಅದು ಮಾತ್ರ ಕದಲಲಿಲ್ಲ. ಕುತ್ತಿಗೆಯಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿದ ಹಾಗೆ. ಕೂರಿಸಿ ನೋಡಿದೆ, ನಿಲ್ಲಿಸಿ ನೋಡಿದೆ. ಕೊನೆಗೆ, “ಮಂಚದ ಮೇಲೆ ಕೈ ಮಂಡಿ ಊರಿ ಎರಡು ನಿಮಿಷ ಇರ್ತೀರಾ?” ಎಂದು ಕೇಳಿದೆ.

“ಒಳ್ಳೆ ನೆಲ ಸಾರಿಸೋ ಹಂಗೆ,” ಎಂದು ಅಕ್ಕ ಮೂಲೆಯಿಂದ ನಕ್ಕರು.

ಆ ಭಂಗಿಯಲ್ಲಿ ಕೆಳಗಿನಿಂದ ಪ್ರೋಬ್ ಒತ್ತಿ ಹಿಡಿದೆ. ಆಕೆಯ ಉಸಿರಿನ ಏರಿಳಿತದ ಮಧ್ಯೆ ಮೂರನೆಯ ಕಲ್ಲು ಮೆಲ್ಲಗೆ ಜಾರಿ ಉಳಿದೆರಡರ ಜೊತೆ ಸೇರಿಕೊಂಡಿತು. ಅಳೆದೆ. ದೊಡ್ಡದು ಏಳು ಮಿಲಿಮೀಟರ್, ಮಿಕ್ಕವು ಆರು ಮತ್ತು ಐದು. ಗೋಡೆ ತೆಳು, ಪಿತ್ತನಾಳ ಸಹಜ. ಅಲ್ಲೇ ತೆಗೆಸಿದ ಎಕ್ಸ್‌ರೇಯಲ್ಲಿ ಕಲ್ಲುಗಳು ಕಾಣಿಸಲೇ ಇಲ್ಲ, ಅಂದರೆ ಸುಣ್ಣ ಸೇರಿಲ್ಲ. ಒಂದೊಂದೇ ಬಾಗಿಲು ತೆರೆಯುತ್ತಿತ್ತು.

ಉಳಿದದ್ದು ಕುಗ್ಗುವ ಪರೀಕ್ಷೆ. ಕೋಶದ ಉದ್ದ, ಅಗಲ, ಎತ್ತರ ಅಳೆದು ಲೆಕ್ಕ ಹಾಕಿದೆ. ಇಪ್ಪತ್ಮೂರು ಮಿಲಿಲೀಟರ್ ರಸ. ಕೆನೆ ಸಮೇತ ಒಂದು ದೊಡ್ಡ ಲೋಟ ಹಾಲು, ದಪ್ಪಗೆ ಬೆಣ್ಣೆ ಹಚ್ಚಿದ ಬ್ರೆಡ್ ಕೊಟ್ಟೆವು. ಪೋಸ್ಟ್ ಮೇಡಂ ಅದನ್ನು ನೋಡಿ ಹಿಂಜರಿದರು. ನೋವು ಶುರುವಾದಂದಿನಿಂದ ಆಕೆ ಜಿಡ್ಡು ಮುಟ್ಟಿರಲಿಲ್ಲ. ಆದರೂ ನನ್ನ ಕಣ್ಣೆದುರೇ ಪೂರ್ತಿ ತಿಂದರು. ಆಮೇಲೆ ಎರಡು ಸಲ ನೀರು ಕೇಳಿದರು. “ನಾಲಗೆ ಅಂಟ್ಕೊಂಡಂಗೆ ಆಗ್ತಿದೆ,” ಎಂದರು. ಒಂದೊಂದು ಗುಟುಕಷ್ಟೇ ಕುಡಿಯಿರಿ ಎಂದೆ.

ಮುಕ್ಕಾಲು ಗಂಟೆ ಬಿಟ್ಟು ಅಳೆದೆ. ಇಪ್ಪತ್ತೊಂದು. ಇನ್ನೂ ಅರ್ಧ ಗಂಟೆ ಕಾದು ಅಳೆದೆ. ಇಪ್ಪತ್ತೊಂದೇ. ಕೋಶ ಮಿಸುಕಿರಲಿಲ್ಲ.

ಹೊರಗೆ ಇನ್ನೂ ಹನ್ನೆರಡು ಜನ ಕಾಯುತ್ತಿದ್ದರು. ‘ಪಿತ್ತಕೋಶ ಕುಗ್ಗುತ್ತಿಲ್ಲ. ಮಾತ್ರೆಯ ಚಿಕಿತ್ಸೆಗೆ ಸೂಕ್ತವಲ್ಲ’ ಎಂದು ಬರೆದು ಸಹಿ ಮಾಡಿದೆ. ಪೋಸ್ಟ್ ಮೇಡಂ ಲಕೋಟೆ ತೆಗೆದುಕೊಂಡು, ನಾನು ಏನೂ ಹೇಳದಿದ್ದರೂ, “ಆಗಲ್ಲ ಅಂತಾಯ್ತಾ?” ಎಂದರು. ನಿಮ್ಮ ಡಾಕ್ಟರು ಹೇಳ್ತಾರೆ ಎಂದು ಜಾರಿಕೊಂಡೆ.

ಎರಡು ದಿನದ ಮೇಲೆ ಫಿಜಿಷಿಯನ್ ಫೋನ್ ಮಾಡಿದರು. ಬೇರೆ ದಾರಿಯಿಲ್ಲದ್ದರಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ, ಹೃದಯದ ವೈದ್ಯರನ್ನು ಪಕ್ಕದಲ್ಲಿಟ್ಟುಕೊಂಡು ಆಪರೇಷನ್ ಮಾಡುವುದೆಂದು ತೀರ್ಮಾನವಾಗಿತ್ತು. ಮುಂದಿನ ವಾರದ ಕೊನೆಗೆ ದಿನ ಕೊಟ್ಟಿದ್ದರು. “ರಿಸ್ಕ್ ಇದೆ ಅಂತ ಮನೆಯವರಿಗೆ ಹೇಳಿದೀನಿ,” ಎಂದರು.

ಶನಿವಾರ ಒಬ್ಬ ಬಸ್ ಡ್ರೈವರ್ ಸ್ಕ್ಯಾನಿಗೆ ಬಂದ. ಮೂತ್ರಪಿಂಡದ ಕಲ್ಲು. ನೋವಿಗೆ ಏನು ತಗೊಂಡಿದ್ದೀರಿ ಎಂದು ಸುಮ್ಮನೆ ಮಾತಿಗೆ ಕೇಳಿದೆ. ಜೇಬಿನಿಂದ ಒಂದು ಮಾತ್ರೆ ಪಟ್ಟಿ ತೆಗೆದ.

“ಇದು ನುಂಗಿದ್ರೆ ನೋವೇನೋ ನಿಲ್ಲುತ್ತೆ ಮೇಡಂ. ಆದ್ರೆ ಬಾಯೆಲ್ಲ ಒಣಗೋಗುತ್ತೆ, ನಾಲಗೆ ಅಂಟ್ಕೊಳುತ್ತೆ. ಹೊಟ್ಟೆ ಒಳಗೆ ಎಲ್ಲಾ ನಿಂತೋದಂಗೆ ಇರುತ್ತೆ.”

ಪಟ್ಟಿ ತೆಗೆದುಕೊಂಡು ಹೆಸರು ಓದಿದೆ. ಅದು ಹೊಟ್ಟೆಯೊಳಗಿನ ಸೆಳೆತ ಬಿಡಿಸುವ ಮಾತ್ರೆ. ಕರುಳಿರಲಿ, ಪಿತ್ತಕೋಶವಿರಲಿ, ಹಿಂಡಿಕೊಳ್ಳುವ ಮಾಂಸಖಂಡವನ್ನೇ ಅದು ಸಡಿಲಗೊಳಿಸುತ್ತದೆ. ಬಾಯಿ ಒಣಗುವುದು ಅದರ ಜೊತೆಗೇ ಬರುವ ಲಕ್ಷಣ. ಪೋಸ್ಟ್ ಮೇಡಂ ಅದನ್ನು ನುಂಗಿ ಬಂದಿದ್ದರೆ ನಾನು ಅಳೆದದ್ದು ಆಕೆಯ ಪಿತ್ತಕೋಶದ ಶಕ್ತಿಯನ್ನಲ್ಲ, ಮಾತ್ರೆಯ ಶಕ್ತಿಯನ್ನು. ಊಟ ಮಾಡಿದ್ದೀರಾ, ಕಾಫಿ ಕುಡಿದಿದ್ದೀರಾ ಎಂದೆಲ್ಲ ಕೇಳಿದ್ದ ನಾನು ಮಾತ್ರೆಯ ವಿಷಯ ಕೇಳಿರಲಿಲ್ಲ.

ಆದರೆ ಅದು ಬರೀ ಊಹೆ. ಬೇಸಿಗೆಯಲ್ಲಿ ಉಪವಾಸವಿದ್ದರೆ ಯಾರಿಗೆ ಬಾಯಿ ಒಣಗುವುದಿಲ್ಲ? ವರದಿ ಕೊಟ್ಟಾಗಿತ್ತು, ಬೆಂಗಳೂರಿನಲ್ಲಿ ದಿನ ಗೊತ್ತಾಗಿತ್ತು. ಊಹೆಯ ಮೇಲೆ ಎಲ್ಲವನ್ನೂ ನಿಲ್ಲಿಸಿ, ಆಮೇಲೆ ಕೋಶ ನಿಜವಾಗಿಯೂ ಸತ್ತಿದೆ ಎಂದಾದರೆ? ಆ ಊರಿನಲ್ಲಿ ಫೋನ್ ಇರಲಿಲ್ಲ. ಸೋಮವಾರ ಕಾಗದ ಹಾಕಿದರೆ ಯಾವಾಗ ಮುಟ್ಟುತ್ತದೋ. ಹಾಗೆ ಯೋಚಿಸುತ್ತಲೇ, ಕೇಳಿ ತಿಳಿದುಕೊಳ್ಳುವುದಕ್ಕೆ ನಾನೇ ಹೋಗಬೇಕು ಎನ್ನಿಸಿತು.

ಭಾನುವಾರ ಬೆಳಿಗ್ಗೆ ಗುಬ್ಬಿಯ ಬಸ್ಸು ಹತ್ತಿದೆ. ಅಲ್ಲಿಂದ ಕಡಬಕ್ಕೆ ಇನ್ನೊಂದು. ಕಡಬದಲ್ಲಿ ಇಳಿದು ಕೆರೆ ಏರಿಯ ಮೇಲೆ ಅರ್ಧ ಗಂಟೆ ನಡೆದೆ. ನೀರು ತಳಕ್ಕೆ ಇಳಿದಿತ್ತು, ದನಗಳು ಕೆಸರಿನ ಅಂಚಿನಲ್ಲಿ ಮೇಯುತ್ತಿದ್ದವು. ಪೋಸ್ಟ್ ಮೇಡಂ ಮನೆ ಯಾವುದೆಂದು ಕೇಳಿದರೆ ಮೂರು ಜನ ಒಟ್ಟಿಗೆ ಕೈ ತೋರಿಸಿದರು.

ಬಾಗಿಲಲ್ಲಿ ಅಕ್ಕ ರಾಗಿ ಕೇರುತ್ತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟು ಎದ್ದು ನಿಂತರು. “ಏನಾರ ಕೆಟ್ಟ ಸುದ್ದಿನಾ ಡಾಕ್ಟ್ರಮ್ಮ? ಮನೆತಂಕ ಬಂದವ್ರೆ ಅಂದ್ರೆ...”

“ಕೆಟ್ಟದ್ದೇನಿಲ್ಲ ಅಕ್ಕಾ. ಒಂದು ಮಾತು ಕೇಳೋದು ಮರೆತಿದ್ದೆ, ಅದಕ್ಕೇ ಬಂದೆ.”

ಪೋಸ್ಟ್ ಮೇಡಂ ಒಳಗಿನಿಂದ ಬಂದರು. ಭಾನುವಾರವಾದರೂ ಮೇಜಿನ ಮೇಲೆ ಕಾಗದದ ಕಟ್ಟುಗಳಿದ್ದವು. ಆಪರೇಷನ್ನಿಗೆ ಹೋದಾಗ ಕಚೇರಿ ನೋಡಿಕೊಳ್ಳುವವರಿಗಾಗಿ ಎಲ್ಲ ಒಪ್ಪ ಮಾಡಿ, ಯಾವುದು ಎಲ್ಲಿದೆ ಎಂದು ಬರೆದಿಡುತ್ತಿದ್ದರು. ಆ ಬರವಣಿಗೆ ನಾಲ್ಕೈದು ದಿನದ ರಜೆಗೆ ಬರೆದ ಹಾಗಿರಲಿಲ್ಲ. ಮರಳಿ ಬರುವ ನಂಬಿಕೆಯಿಲ್ಲದವರು ಬರೆದಷ್ಟು ವಿವರವಾಗಿತ್ತು.

“ಆವತ್ತು ಸ್ಕ್ಯಾನಿಂಗ್‌ಗೆ ಬರೋ ಮುಂಚೆ ಯಾವುದಾದ್ರೂ ಮಾತ್ರೆ ನುಂಗಿದ್ರಾ?” ಎಂದು ಕೇಳಿದೆ.

“ಹೃದಯದ್ದು ದಿನಾ ನುಂಗ್ತೀನಲ್ಲ ಮೇಡಂ.”

“ಅದಲ್ದೆ?”

ಆಕೆ ಅಕ್ಕನ ಮುಖ ನೋಡಿದರು. ಅಕ್ಕ ತಲೆ ಕೆಳಗೆ ಹಾಕಿದರು.

“ನಾನೇ ಕೊಟ್ಟಿದ್ದು ಕಣಮ್ಮ,” ಎಂದರು ಅಕ್ಕ. “ಬಸ್ಸಲ್ಲಿ ನೋವು ಎದ್ರೆ ಏನಪ್ಪಾ ಗತಿ ಅಂತ ರಾತ್ರಿ ಒಂದು, ಬೆಳಿಗ್ಗೆ ಒಂದು ನುಂಗ್ಸಿದೆ. ಹೊಟ್ಟೆ ಖಾಲಿ ಇರ್ಬೇಕು ಅಂದಿದ್ರು. ಮಾತ್ರೆ ಬ್ಯಾಡ ಅಂತ ಯಾರೂ ಅಂದಿರ್ಲಿಲ್ಲ.”

ಗೂಡಿನಿಂದ ಪಟ್ಟಿ ತಂದು ಕೊಟ್ಟರು. ಡ್ರೈವರ್ ತೋರಿಸಿದ್ದ ಅದೇ ಬಗೆಯ ಮಾತ್ರೆ.

ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. “ತಪ್ಪು ನಿಮ್ಮದಲ್ಲ ಅಕ್ಕಾ, ಕೇಳ್ದೇ ಇದ್ದ ನನ್ನದು. ನಾನು ಕೊಟ್ಟ ರಿಪೋರ್ಟ್ ಸರಿಯಿಲ್ಲದೆ ಇರಬಹುದು. ಇನ್ನೊಂದ್ಸಲ ಟೆಸ್ಟ್ ಮಾಡ್ಬೇಕು. ಆದ್ರೆ ಮೂರು ದಿನ ಈ ಮಾತ್ರೆ ಮುಟ್ಟಬಾರದು, ಅದರ ಮೇಲೆ ಮತ್ತೆ ಬೆಣ್ಣೆ ತಿನ್ನಬೇಕು. ನೋವು ಬರಬಹುದು.”

ಪೋಸ್ಟ್ ಮೇಡಂ ಮೇಜಿನ ಮೇಲಿನ ಕಟ್ಟುಗಳನ್ನು ಬದಿಗೆ ಸರಿಸಿದರು. “ನೋವು ಬಂದ್ರೆ ತಡ್ಕೋಬೋದು,” ಎಂದರು. “ಟೆಸ್ಟಲ್ಲಿ ಆಗಲ್ಲ ಅಂತ ಮತ್ತೆ ಬಂದ್ರೂ ತಡ್ಕೋತೀನಿ. ನೀವು ಬಂದು ಹೇಳಿದ್ರಲ್ಲ, ಸಾಕು.”

ಅಕ್ಕ ಊಟ ಮಾಡದೆ ಬಿಡಲಿಲ್ಲ. ಮುದ್ದೆ, ಹುರುಳಿಕಾಳಿನ ಸಾರು. ತಂಗಿಯ ತಟ್ಟೆಯಲ್ಲಿ ಒಗ್ಗರಣೆಯಿಲ್ಲದ ಬಸಿದ ಸಾರು ಬೇರೆಯಿತ್ತು.

ವಾಪಸ್ ಬಂದು ಫಿಜಿಷಿಯನ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ವರದಿಯನ್ನು ವಾಪಸ್ ಪಡೆಯುತ್ತೇನೆ ಎಂದೆ.

“ಬೆಂಗಳೂರಿನವರಿಗೆ ಏನಂತ ಹೇಳ್ಲಿ?” ಎಂದರು.

“ಸ್ಕ್ಯಾನಿಂಗ್ ಡಾಕ್ಟರು ತಪ್ಪು ಮಾಡಿದಾರೆ ಅಂತ ಹೇಳಿ ಸರ್. ಒಂದು ವಾರ ಟೈಮ್ ಕೇಳಿ.”

“ಆ ಮಾತ್ರೆ ಚೀಟಿ ಬರೆದುಕೊಟ್ಟೋನು ನಾನು. ಟೆಸ್ಟಿಗೆ ಮುಂಚೆ ನಿಲ್ಲಿಸಿ ಅಂತ ಹೇಳ್ಬೇಕಾಗಿದ್ದೋನೂ ನಾನೇ. ಇಬ್ಬರ ಹೆಸರಲ್ಲೂ ಹೇಳ್ತೀನಿ ಬಿಡಿ. ಟೆಸ್ಟ್ ದಿನ ನಾನು ಕ್ಲಿನಿಕ್ಕಲ್ಲೇ ಇರ್ತೀನಿ, ನೋವು ಎದ್ರೆ ಕರೀರಿ.”

ಗುರುವಾರ ಬೆಳಿಗ್ಗೆ ಇಬ್ಬರೂ ಬಂದರು. ಈ ಸಲ ನಾನು ಬೇರೆ ಯಾರಿಗೂ ಆ ಹೊತ್ತು ಕೊಟ್ಟಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಇಪ್ಪತ್ನಾಲ್ಕು ಮಿಲಿಲೀಟರ್. ಅದೇ ಹಾಲು, ಅದೇ ಬೆಣ್ಣೆ. ಇಪ್ಪತ್ತು ನಿಮಿಷಕ್ಕೆ ಆಕೆ ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು.

“ನೋವಾ?” ಎಂದೆ.

“ಸಣ್ಣಗೆ. ಯಾರೋ ಒಳಗಿಂದ ಹಿಂಡ್ದಂಗೆ.”

ವೈದ್ಯೆಯಾದ ನಾನು ರೋಗಿಯ ನೋವಿಗೆ ಸಂತೋಷಪಟ್ಟದ್ದು ಅದೊಂದೇ ಸಲ. ಆದರೂ ಮುಖದಲ್ಲಿ ತೋರಿಸಿಕೊಳ್ಳದೆ ಗಡಿಯಾರ ನೋಡುತ್ತಾ ಕೂತೆ. ಮುಕ್ಕಾಲು ಗಂಟೆಗೆ ಪ್ರೋಬ್ ಇಟ್ಟೆ. ಮೊದಲು ಪಿತ್ತಕೋಶವೇ ಸಿಗಲಿಲ್ಲ. ಆ ಉದ್ದನೆಯ ಕಪ್ಪು ಆಕಾರವಿದ್ದ ಜಾಗದಲ್ಲಿ ಹುಡುಕಿದರೆ, ಸ್ವಲ್ಪ ಮೇಲೆ, ಬೆರಳಿನಷ್ಟು ಸಣ್ಣಗಾಗಿ ಕಂಡಿತು. ಮೂರು ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಅಳತೆ ಹಾಕಿದೆ. ಒಂಬತ್ತು. ನಂಬಿಕೆ ಬಾರದೆ ಮತ್ತೆ ಅಳೆದೆ. ಒಂಬತ್ತೇ. ಅರ್ಧಕ್ಕಿಂತ ಹೆಚ್ಚು ರಸ ಹೊರಗೆ ಹೋಗಿತ್ತು.

“ಕುಗ್ಗಿದೆ,” ಎಂದೆ. “ಚೆನ್ನಾಗಿ ಕುಗ್ಗಿದೆ.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಪೋಸ್ಟ್ ಮೇಡಂ ಮಾತ್ರ, “ಈಗ ಬರೀರಿ ಮೇಡಂ, ಆಮೇಲೆ ಮಾತು,” ಎಂದರು.

ಅವತ್ತೇ ಕಲ್ಲು ಕರಗಿಸುವ ಮಾತ್ರೆ ಶುರುವಾಯಿತು. ದಿನಕ್ಕೆ ಎರಡು ಹೊತ್ತು, ಊಟದ ಜೊತೆ. ಒಂದು ವರ್ಷವೋ, ಎರಡು ವರ್ಷವೋ, ಕರಗುವ ತನಕ. ತಿಂಗಳಿಗೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಕರಗಬಹುದು, ಅದೂ ಅದೃಷ್ಟವಿದ್ದರೆ ಎಂದು ಫಿಜಿಷಿಯನ್ ಹೇಳಿದ್ದರು. ಜ್ವರ ಬಂದರೆ, ಕಣ್ಣು ಹಳದಿಯಾದರೆ ಆ ಕ್ಷಣ ಬರಬೇಕು ಎಂದೂ ಹೇಳಿದ್ದರು. ಆಕೆ ಅದನ್ನು ಕಾಗದದ ಕಟ್ಟಿನ ಮೇಲ್ಪುಟಕ್ಕೆ ದೊಡ್ಡ ಅಕ್ಷರದಲ್ಲಿ ಬರೆದುಕೊಂಡರು.

ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಎಂದು ಗೊತ್ತುಮಾಡಿದ್ದೆವು. ಮೊದಲ ಸಲ ಏಳಿದ್ದದ್ದು ಆರಾಗಿತ್ತು. ಒಂದು ಮಿಲಿಮೀಟರ್ ವ್ಯತ್ಯಾಸ ನನ್ನ ಕೈಯ ತಪ್ಪೂ ಆಗಿರಬಹುದಿತ್ತು. ಹಾಗೇ ಹೇಳಿದೆ. “ಇರ್ಲಿ, ಹೆಚ್ಚಿಲ್ವಲ್ಲ,” ಎಂದು ಆಕೆ ಹೊರಟರು.

ಐದನೆಯ ತಿಂಗಳಲ್ಲಿ, ಹೇಳದೆ ಕೇಳದೆ, ಹನ್ನೊಂದು ಗಂಟೆಯ ಬಸ್ಸಿಗೆ ಅಕ್ಕ ತಂಗಿ ಬಂದಿಳಿದರು. ಬೆಳಿಗ್ಗೆಯಿಂದ ಬಲಗಡೆ ಜೋರು ನೋವು, ಎರಡು ಸಲ ವಾಂತಿ. ಆಕೆಯ ಮುಖ ಬೂದಿಯ ಬಣ್ಣವಾಗಿತ್ತು. ಮಂಚದ ಮೇಲೆ ಮಲಗಿಸಿ ಪ್ರೋಬ್ ಇಡುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಮೇಲೆ ಮೆಷಿನ್ ಹತ್ತು ನಿಮಿಷ ಓಡುತ್ತಿತ್ತು, ಅಷ್ಟೇ. ಫೋಟೊ ತೆಗೆಯುವುದನ್ನು ಬಿಟ್ಟು ಮುಖ್ಯವಾದದ್ದನ್ನು ಮಾತ್ರ ನೋಡಿದೆ. ಮೊದಲು ಪಿತ್ತನಾಳ: ನಾಲ್ಕು ಮಿಲಿಮೀಟರ್, ಹಿಗ್ಗಿಲ್ಲ, ಒಳಗೆ ಕಲ್ಲು ಬಿದ್ದಿಲ್ಲ. ಆಮೇಲೆ ಗೋಡೆ: ತೆಳುವಾಗಿದೆ, ಸುತ್ತ ನೀರು ಸೇರಿಲ್ಲ. ಪ್ರೋಬಿನಿಂದ ಪಿತ್ತಕೋಶದ ಮೇಲೇ ಒತ್ತಿ ಉಸಿರೆಳೆಯಿರಿ ಎಂದೆ. ಆಕೆ ಎಳೆದರು, ನೋವಿನಿಂದ ಉಸಿರು ಕಟ್ಟಲಿಲ್ಲ. ಕೊನೆಗೆ ಕಲ್ಲುಗಳು. ಎರಡು ಮಾತ್ರ ಕಂಡವು, ನಾಲ್ಕು ಮತ್ತು ಮೂರು ಮಿಲಿಮೀಟರ್. ಯುಪಿಎಸ್ ಕೂಗಿಕೊಳ್ಳತೊಡಗಿತು, ಪರದೆ ಆರಿಹೋಯಿತು.

ಮೂರನೆಯದು ಕರಗಿತ್ತೋ, ಅಥವಾ ಸಣ್ಣದಾಗಿ ಬೆಳಿಗ್ಗೆ ನಾಳದ ಮೂಲಕ ಹೊರಗೆ ಜಾರಿ, ಹೋಗುವಾಗ ಈ ನೋವು ಕೊಟ್ಟಿತ್ತೋ ಗೊತ್ತಿಲ್ಲ. ಫೋನ್ ಮಾಡಿದ್ದಕ್ಕೆ ಫಿಜಿಷಿಯನ್ ನಡೆದುಕೊಂಡೇ ನಮ್ಮ ಸೆಂಟರಿಗೆ ಬಂದರು. ಅರೆಗತ್ತಲಿನ ಕೋಣೆಯಲ್ಲಿ ಆಕೆಯ ಹೊಟ್ಟೆ, ಕಣ್ಣು, ನಾಡಿ ನೋಡಿದರು. ನೋವು ಅಷ್ಟರಲ್ಲಿ ಇಳಿಯುತ್ತಿತ್ತು.

“ನಿಲ್ಲಿಸಿ ಬೆಂಗಳೂರಿಗೆ ಕಳಿಸೋದಾ, ಮುಂದುವರಿಸೋದಾ?” ಎಂದು ನನ್ನನ್ನು ಕೇಳಿದರು.

ಮೊದಲ ಸಲದ ಹಾಗೆ ಒಂದು ಸಾಲಿನ ತೀರ್ಪು ಕೊಡಲಿಲ್ಲ. ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಕಾಣದ್ದು ಏನು ಎಂಬುದನ್ನೂ ಹೇಳಿದೆ. ಅವರು ಅದನ್ನೇ ಸರಳವಾಗಿ ಪೋಸ್ಟ್ ಮೇಡಂಗೆ ತಿಳಿಸಿದರು: ಕಲ್ಲು ಅರ್ಧಕ್ಕೆ ಬಂದಿವೆ, ಸೋಂಕಿಲ್ಲ, ಆದರೆ ಸಣ್ಣ ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಳ್ಳುವ ಭಯ ಇದ್ದೇ ಇದೆ.

“ಬುಡಿ ಸಾರ್, ಸಾಕು, ಕುಯ್ದು ತೆಗೆದುಬುಡ್ಲಿ,” ಎಂದರು ಅಕ್ಕ. ಬೆಳಗಿನಿಂದ ತಂಗಿ ಒದ್ದಾಡಿದ್ದನ್ನು ನೋಡಿ ಅವರ ಧೈರ್ಯ ಉಡುಗಿತ್ತು.

ತಂಗಿ ಅಕ್ಕನ ಕೈ ಹಿಡಿದುಕೊಂಡರು. “ಅರ್ಧ ದಾರಿ ಬಂದಿದೀನಿ ಕಣಕ್ಕ. ವಾಪಸ್ ಹೋದ್ರೂ ಅಷ್ಟೇ ದೂರ. ಮುಂದಕ್ಕೇ ಹೋಗ್ತೀನಿ.”

ಎರಡು ದಿನ ಇಲ್ಲೇ ನರ್ಸಿಂಗ್ ಹೋಮಿನಲ್ಲಿ ಇಟ್ಟುಕೊಂಡು ನೋಡಿದರು. ಜ್ವರ ಬರಲಿಲ್ಲ, ಕಣ್ಣು ಹಳದಿಯಾಗಲಿಲ್ಲ. ಪ್ರತಿದಿನ ಬೆಳಿಗ್ಗೆ ನಾನು ಹೋಗಿ ಆಕೆಯನ್ನು ಕರೆದುಕೊಂಡು ಬಂದು ಪಿತ್ತನಾಳ ಅಳೆದೆ. ನಾಲ್ಕು, ನಾಲ್ಕು. ಮನೆಗೆ ಕಳಿಸಿದೆವು.

ಆಮೇಲೆ ನೋವು ಬರಲಿಲ್ಲ. ಎಂಟನೆಯ ತಿಂಗಳಲ್ಲಿ ಒಂದೇ ಕಲ್ಲಿತ್ತು, ಎರಡು ಮಿಲಿಮೀಟರ್, ನೆರಳು ಬೀಳುವುದಕ್ಕೂ ಸಾಲದಷ್ಟು ಸಣ್ಣದು. ಹನ್ನೊಂದನೆಯ ತಿಂಗಳಲ್ಲಿ ಏನೂ ಕಾಣಲಿಲ್ಲ. ಎಡಕ್ಕೆ ತಿರುಗಿಸಿದೆ, ಕೂರಿಸಿದೆ, ಕೈ ಮಂಡಿ ಊರಿಸಿದೆ. ಪಕ್ಕದ ಕರುಳಿನ ಗಾಳಿ ಎರಡು ಸಲ ಕಲ್ಲಿನ ಹಾಗೆ ಮಿನುಗಿತು. ಕಾದು ನೋಡಿದರೆ ಅದು ಸರಿದು ಹೋಯಿತು. ಆದರೂ ‘ಇಲ್ಲ’ ಎಂದು ಬರೆಯಲಿಲ್ಲ. ಕಣ್ಣಿಗೆ ಬೀಳದಷ್ಟು ಸಣ್ಣ ಚೂರು ಉಳಿದಿದ್ದರೆ ಅದರ ಸುತ್ತ ಮತ್ತೆ ಕಲ್ಲು ಬೆಳೆಯುತ್ತದೆ. ಮಾತ್ರೆ ಮುಂದುವರಿಸಿ, ಎರಡು ತಿಂಗಳು ಬಿಟ್ಟು ಬನ್ನಿ ಎಂದೆ.

ಎರಡು ತಿಂಗಳ ಮೇಲೂ ಕೋಶ ಖಾಲಿಯಿತ್ತು. ಮಾನಿಟರನ್ನು ಆಕೆಯ ಕಡೆ ತಿರುಗಿಸಿ ತೋರಿಸಿದೆ.

“ಇದೇನಾ ಮೇಡಂ? ಇಷ್ಟೇನಾ?” ಎಂದು ಆಕೆ ಪರದೆಗೆ ಹತ್ತಿರ ಬಗ್ಗಿ ನೋಡಿದರು. “ಇದರೊಳಗೆ ನನ್ನ ಎರಡು ವರ್ಷ ಹಿಡಿಸಿಬಿಡ್ತಲ್ಲ.”

ಕೆಲವರಿಗೆ ಮತ್ತೆ ಕಲ್ಲಾಗುತ್ತದೆ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದೆ. ಅದನ್ನೂ ಬರೆದುಕೊಂಡರು. ಆ ಮಳೆಗಾಲದಲ್ಲಿ ಬೆಂಗಳೂರಿಗೆ ಹೋಗಿ, ಬಲೂನಿನಿಂದ ಹೃದಯದ ಕವಾಟ ಅಗಲ ಮಾಡಿಸಿಕೊಂಡು ಬಂದರು. ಮುಂದಿನ ವರ್ಷದ ಸ್ಕ್ಯಾನಿಗೆ ಬಂದಾಗ ದಿಂಬೇ ಇಲ್ಲದೆ ಚಪ್ಪಟೆ ಮಲಗಿದರು.

ಇಷ್ಟಕ್ಕೇ ಈ ಅನುಭವ ಮುಗಿದಿದ್ದರೆ ಕಲ್ಲಿಗೆಲ್ಲ ಮಾತ್ರೆಯೇ ಮದ್ದು ಎಂದು ನಾನೂ ನಂಬಿಬಿಡುತ್ತಿದ್ದೆನೇನೋ. ಎರಡು ಸಾವಿರದ ಇಸವಿಯ ನಂತರ ಒಂದು ದಿನ ಆಕೆ ವರ್ಷದ ಸ್ಕ್ಯಾನಿಗೆ ಬಂದಾಗ ಅಕ್ಕನೂ ಜೊತೆಗಿದ್ದರು. ತಂಗಿಯ ಕೋಶ ಖಾಲಿಯಾಗೇ ಇತ್ತು. ಅಕ್ಕ ಹೊರಗೆ ಹೋಗಲಿಲ್ಲ.

“ನನ್ನದೂ ಒಸಿ ನೋಡಿ ಡಾಕ್ಟ್ರಮ್ಮ. ಆರು ತಿಂಗಳಿಂದ ಅಲ್ಲೇ ಹಿಡ್ಕೊಳ್ತದೆ. ಇವಳಿಗೆ ಕೊಟ್ಟ ಮಾತ್ರೆನೇ ಬರ್ಕೊಡಿ.”

ನೋಡಿದೆ. ಅಲ್ಲಿ ಪಿತ್ತರಸದ ಕಪ್ಪು ಕಾಣಿಸಲೇ ಇಲ್ಲ. ಬೆಳ್ಳನೆಯ ಒಂದು ಬಾಗಿದ ಗೆರೆ, ಅದರ ಹಿಂದೆ ಗೋಡೆ ಕಟ್ಟಿದಂಥ ನೆರಳು. ಕೋಶದ ತುಂಬ ಕಲ್ಲುಗಳು ಕಿಕ್ಕಿರಿದಿದ್ದವು. ಎಕ್ಸ್‌ರೇ ತೆಗೆಸಿದರೆ ಅದರಲ್ಲೂ ಉಂಗುರ ಉಂಗುರವಾಗಿ ಕಂಡವು, ಸುಣ್ಣ ಸೇರಿ ಗಟ್ಟಿಯಾಗಿದ್ದವು. ತಂಗಿಗಾಗಿ ಆ ಅಕ್ಕ ಪಟ್ಟ ಪಾಡನ್ನೆಲ್ಲ ನೋಡಿದ್ದ ನನಗೆ ಇದನ್ನು ಹೇಳುವುದು ಸುಲಭವಾಗಲಿಲ್ಲ. ಆದರೂ ಈ ಸಲ ಜಾರಿಕೊಳ್ಳಲಿಲ್ಲ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮಾತ್ರೆ ಇವುಗಳನ್ನು ಕರಗಿಸುವುದಿಲ್ಲ, ಆಪರೇಷನ್ನೇ ಆಗಬೇಕು ಎಂದೆ.

“ಅವಳಿಗೊಂದು, ನನಗೊಂದಾ?” ಎಂದು ಅಕ್ಕ ಮುಖ ತಿರುಗಿಸಿದರು.

ಪೋಸ್ಟ್ ಮೇಡಂ ನನಗಿಂತ ಮುಂಚೆ ಮಾತಾಡಿದರು. “ಕಲ್ಲು ಬೇರೆ ಕಣಕ್ಕ. ಇವ್ರು ತಪ್ಪು ಬರೆದಾಗ ನಮ್ಮನೆ ಬಾಗಿಲಿಗೆ ಬಂದು ತಪ್ಪಾಯ್ತು ಅಂದವ್ರು. ಈಗ ಆಗಲ್ಲ ಅಂತಿದಾರೆ ಅಂದ್ರೆ ಆಗಲ್ಲ. ನಿನ್ನ ಹೃದಯ ಗಟ್ಟಿ ಐತೆ, ಸುಮ್ನೆ ಮಾಡಿಸ್ಕೊ. ನಾನಿರ್ತೀನಿ.”

ಅಷ್ಟು ಹೊತ್ತಿಗೆ ತುಮಕೂರಿನಲ್ಲೇ ಸಣ್ಣ ರಂಧ್ರದ ಮೂಲಕ ಪಿತ್ತಕೋಶ ತೆಗೆಯುವ ಆಪರೇಷನ್ ಶುರುವಾಗಿತ್ತು. ಮುಂದಿನ ವಾರವೇ ಆಯಿತು. ಮೂರನೆಯ ದಿನ ಡಿಸ್ಚಾರ್ಜ್ ಆಗಿ, ಹೇಳಿ ಹೋಗಲೆಂದು ಇಬ್ಬರೂ ಸೆಂಟರಿಗೆ ಬಂದರು. ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಹೆಜ್ಜೆಯಿಡುತ್ತಿದ್ದರು. ತಂಗಿಯ ಕೈಯಲ್ಲಿ ಎರಡು ಬ್ಯಾಗು. ಮೊದಲ ದಿನ ಉಸಿರಿಗಾಗಿ ಒದ್ದಾಡುತ್ತಿದ್ದವರು ಈಗ ಅಕ್ಕನ ಭಾರವನ್ನೂ ಹೊತ್ತು ನಿಂತಿದ್ದರು.

“ನಿನ್ನದು ಕರಗಿಸಿದ್ರು, ನನ್ನದು ಕಿತ್ತಾಕಿದ್ರು,” ಎಂದು ಅಕ್ಕ ತಂಗಿಗೆ ಹೇಳಿದರು. “ಇಬ್ರೂ ಉಳ್ಕೊಂಡ್ವಲ್ಲ. ನಡಿ ನಮ್ಮನೆಗೆ, ಕುಣಿಗಲ್ ಬಸ್ ಹೊರಟುಬುಡ್ತದೆ.”